ಊರಿನ ಮನೆಯ ನಿಗಾ ಕೇಂದ್ರ: ದೂರದ ಸಂಪರ್ಕ ಕಡಿದಾಗ ಮಾಡಬೇಕಾದುದೇನು?

ಉದ್ಯೋಗ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆ ನಿಂತಿರುವ ನಮ್ಮಲ್ಲಿ ಅನೇಕರ ತಂದೆ-ತಾಯಿಗಳು ಇಂದಿಗೂ ಊರಿನ ಮನೆಯಲ್ಲೇ ಇದ್ದಾರೆ. ಜಗಲಿಯಲ್ಲೊಂದು, ಹಿತ್ತಿಲ ಬಾಗಿಲಲ್ಲೊಂದು ಕ್ಯಾಮೆರಾ, ಚಿತ್ರಗಳನ್ನು ಕೂಡಿಡುವ ರೆಕಾರ್ಡರ್, ಟ್ಯಾಂಕಿನ ನೀರಿನ ಮಟ್ಟವನ್ನೂ ವಿದ್ಯುತ್ತಿನ ಸ್ಥಿತಿಯನ್ನೂ ತಿಳಿಸುವ ಸಣ್ಣ ಉಪಕರಣ ಇವೆಲ್ಲ ಸೇರಿದರೆ ಮನೆಯ ನಿಗಾ ಕೇಂದ್ರ. ಇದು ನೆಟ್ಟಗಿದ್ದಾಗ ನಮಗೆ ನೆಮ್ಮದಿ. ಆದರೆ ರಾತ್ರಿ ಹತ್ತಕ್ಕೆ ಮೊಬೈಲ್ ತೆರೆದಾಗ ‘ಸಂಪರ್ಕವಿಲ್ಲ’ ಎಂಬ ಸೂಚನೆ ಕಂಡರೆ, ತೊಂದರೆ ಯಂತ್ರದ್ದೋ ಮನೆಯವರದ್ದೋ ತಿಳಿಯದೆ ಮನಸ್ಸು ತಲ್ಲಣಿಸುತ್ತದೆ. ಅಂಥ ಸಂದರ್ಭದಲ್ಲಿ ಕ್ರಮವಾಗಿ ಪರಿಶೀಲಿಸಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ದೋಷ ಎಲ್ಲಿದೆ?

ಸಂಪರ್ಕಕ್ಕೆ ಮೂರು ಕೊಂಡಿಗಳಿವೆ: ಊರಿನ ಮನೆಯ ಯಂತ್ರ, ಅಲ್ಲಿಂದ ಹೊರಡುವ ಅಂತರ್ಜಾಲ, ನಾವು ಇರುವ ಸ್ಥಳದ ಜಾಲ. ಮೊದಲು ಮನೆಗೆ ದೂರವಾಣಿ ಮಾಡಿ, ವಿದ್ಯುತ್ ಇದೆಯೇ, ರೂಟರ್‌ನ ದೀಪಗಳು ಉರಿಯುತ್ತಿವೆಯೇ ಎಂದು ಕೇಳಬೇಕು. ಮನೆಯ ವೈಫೈಗೆ ಜೋಡಿಸಿದ ಮೊಬೈಲ್‌ನಲ್ಲಿ ಕ್ಯಾಮೆರಾದ ಚಿತ್ರ ಕಾಣುತ್ತಿದ್ದರೆ ಯಂತ್ರಕ್ಕೆ ದೋಷವಿಲ್ಲ.

ಬಳಿಕ ನಮ್ಮ ಕಡೆಯ ಪರೀಕ್ಷೆ. ಕಚೇರಿಯ ವೈಫೈಯಲ್ಲಿ ತೆರೆಯದ ಚಿತ್ರ, ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದಾಗ ತೆರೆದರೆ, ಅಡ್ಡಿ ಇರುವುದು ಕಚೇರಿಯ ಜಾಲದಲ್ಲಿ. ಎರಡರಲ್ಲೂ ತೆರೆಯದಿದ್ದರೆ ಊರಿನ ಸಂಪರ್ಕದತ್ತ ಗಮನ ಹರಿಸಬೇಕು. ಎರಡೇ ನಿಮಿಷದ ಈ ಪರೀಕ್ಷೆ ಗಂಟೆಗಟ್ಟಲೆ ಪರದಾಟವನ್ನು ತಪ್ಪಿಸುತ್ತದೆ.

ಹಂಚಿಕೆಯ ವಿಳಾಸದ ತೊಡಕು

ಹಿಂದೆ ಮನೆಯ ಸಂಪರ್ಕಕ್ಕೆ ಪ್ರತ್ಯೇಕವಾದ ಸಾರ್ವಜನಿಕ ಐಪಿ ವಿಳಾಸ ಸಿಗುವುದು ಸಾಮಾನ್ಯವಾಗಿತ್ತು. ರೂಟರ್‌ನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಮಾಡಿದರೆ ಹೊರಗಿನಿಂದ ನೇರವಾಗಿ ಒಳಹೋಗಬಹುದಿತ್ತು. ಆದರೆ ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಇರುವ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿದವು. ಆದ್ದರಿಂದ ಸೇವಾ ಸಂಸ್ಥೆಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಗ್ರಾಹಕರನ್ನು ಇರಿಸುವ ಪದ್ಧತಿಯನ್ನು ವ್ಯಾಪಕವಾಗಿ ಅನುಸರಿಸತೊಡಗಿದವು. ಇದಕ್ಕೆ ಸಿಜಿ-ನ್ಯಾಟ್ ಎಂದು ಹೆಸರು. ಇದರಲ್ಲಿ ಒಳಗಿನಿಂದ ಹೊರಕ್ಕೆ ಹೋಗಲು ಅಡ್ಡಿಯಿಲ್ಲ. ಹೊರಗಿನಿಂದ ಬರುವ ಕರೆ ಯಾವ ಮನೆಗೆ ಸೇರಬೇಕೆಂಬುದು ಮಾತ್ರ ನಡುವಿನ ಯಂತ್ರಕ್ಕೆ ತಿಳಿಯುವುದಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ರೂಟರ್‌ನ ಪುಟದಲ್ಲಿ ‘ವ್ಯಾನ್ ಐಪಿ’ ಎಂದು ತೋರುವ ವಿಳಾಸವನ್ನು, ‘ನನ್ನ ಐಪಿ ಯಾವುದು’ ಎಂದು ತಿಳಿಸುವ ಜಾಲತಾಣ ತೋರಿಸುವ ವಿಳಾಸದೊಡನೆ ಹೋಲಿಸಿ ನೋಡಬೇಕು. ಎರಡೂ ಬೇರೆಯಾಗಿದ್ದು, ಮೊದಲನೆಯದು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರೆ ಅದು ಹಂಚಿಕೆಯ ವಿಳಾಸ. ಈ ಶ್ರೇಣಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಡಲಾಯಿತು. 10ರಿಂದ ಆರಂಭವಾದರೂ ಬಹುಪಾಲು ಅದೇ ಕಥೆ. 192.168 ಎಂದಿದ್ದರೆ, ಸೇವಾ ಸಂಸ್ಥೆಯ ಮೋಡೆಮ್ ಮತ್ತು ನಮ್ಮ ರೂಟರ್ ಎರಡೂ ಒಂದೇ ಕೆಲಸ ಮಾಡುತ್ತಿರುವ ಸಂಭವ ಹೆಚ್ಚು. ಆಗ ಮೋಡೆಮನ್ನು ‘ಬ್ರಿಡ್ಜ್’ ಸ್ಥಿತಿಗೆ ಬದಲಿಸಿಕೊಡುವಂತೆ ಕೇಳಬೇಕು.

ಪರಿಹಾರ ಮಾರ್ಗಗಳು

1. ಸ್ಥಿರ ಸಾರ್ವಜನಿಕ ವಿಳಾಸ: ಹಲವು ಸೇವಾ ಸಂಸ್ಥೆಗಳು ಹೆಚ್ಚುವರಿ ಶುಲ್ಕಕ್ಕೆ ಇದನ್ನು ನೀಡುತ್ತವೆ. ಹಂಚಿಕೆಯ ವಿಳಾಸದಲ್ಲಿರುವವರಿಗೆ ಡೈನಮಿಕ್ ಡಿಎನ್ಎಸ್ ಸೇವೆಯೊಂದರಿಂದಲೇ ಪ್ರಯೋಜನವಿಲ್ಲ. ಅದು ಬದಲಾಗುವ ವಿಳಾಸವನ್ನು ಹಿಂಬಾಲಿಸಬಲ್ಲದೇ ಹೊರತು ಇಲ್ಲದ ವಿಳಾಸವನ್ನು ಒದಗಿಸಲಾರದು.

2. ಐಪಿ ಆರನೆಯ ಆವೃತ್ತಿ: ಇದರಲ್ಲಿ ವಿಳಾಸಗಳಿಗೆ ಬರವಿಲ್ಲ. ಆದರೆ ಎರಡೂ ತುದಿಗಳಲ್ಲಿ ಈ ಸೌಲಭ್ಯ ಇರಬೇಕು, ರೂಟರ್‌ನ ರಕ್ಷಣಾ ನಿಯಮವೂ ಅನುಮತಿಸಬೇಕು.

3. ತಯಾರಕರ ಕ್ಲೌಡ್ ಸೇವೆ: ಕ್ಯಾಮೆರಾ ತಾನೇ ಹೊರಗಿನ ಸರ್ವರಿಗೆ ಸಂಪರ್ಕ ಸಾಧಿಸುವುದರಿಂದ ಹಂಚಿಕೆಯ ವಿಳಾಸದ ತೊಡಕಿಲ್ಲ. ಆದರೆ ಮನೆಯೊಳಗಿನ ಚಿತ್ರಗಳ ವಿಷಯದಲ್ಲಿ ನಾವು ಆ ಸಂಸ್ಥೆಯನ್ನು ನಂಬಬೇಕಾಗುತ್ತದೆ.

4. ಖಾಸಗಿ ಜಾಲ, ಅಂದರೆ ವಿಪಿಎನ್: ಟೇಲ್‌ಸ್ಕೇಲ್, ಜೀರೋಟಿಯರ್‌ನಂಥ ಸೇವೆಗಳಲ್ಲಿ ಎರಡೂ ತುದಿಗಳು ಒಳಗಿನಿಂದ ಹೊರಕ್ಕೇ ಕರೆ ಮಾಡಿ ಪರಸ್ಪರ ಸಂಧಿಸುತ್ತವೆ. ಊರಿನ ಮನೆಯಲ್ಲಿ ರಾಸ್ಪ್‌ಬೆರಿ ಪೈನಂಥ ಪುಟ್ಟ ಗಣಕವೊಂದು ಸದಾ ಚಾಲೂ ಇದ್ದರೆ ಸಾಕು. ಹೆಚ್ಚಿನ ಕುಟುಂಬಗಳಿಗೆ ಈ ಮಾರ್ಗವೇ ಉತ್ತಮವೆಂದು ನಮ್ಮ ಅಭಿಪ್ರಾಯ.

ಕಚೇರಿ, ಹೋಟೆಲು, ವಿದ್ಯಾರ್ಥಿನಿಲಯಗಳ ನಿರ್ಬಂಧ

ಇಂಥ ಜಾಲಗಳಲ್ಲಿ ಅನೇಕವು ಜಾಲತಾಣಗಳಿಗೆ ಬೇಕಾದ 80 ಮತ್ತು 443ನೆಯ ಪೋರ್ಟುಗಳನ್ನು ಮಾತ್ರ ಬಿಟ್ಟುಕೊಡುತ್ತವೆ. ಕ್ಯಾಮೆರಾಗಳು ಬಳಸುವ 554, ರೆಕಾರ್ಡರುಗಳು ಬಳಸುವ 8000 ಮುಂತಾದವು ಅಲ್ಲಿ ಮುಚ್ಚಿರುತ್ತವೆ. ವೈರ್‌ಗಾರ್ಡ್ ಎಂಬ ಪ್ರಸಿದ್ಧ ವಿಪಿಎನ್ ಯುಡಿಪಿ ವಿಧಾನವನ್ನೇ ಅವಲಂಬಿಸಿರುವುದರಿಂದ, ಯುಡಿಪಿ ತಡೆದ ಜಾಲದಲ್ಲಿ ಅದು ಮೌನವಾಗಿ ಸೋಲುತ್ತದೆ. ಓಪನ್‌ವಿಪಿಎನ್ ಅನ್ನು ಟಿಸಿಪಿ 443ರಲ್ಲಿ ನಡೆಸಬಹುದು. ಟೇಲ್‌ಸ್ಕೇಲ್ ನೇರ ದಾರಿ ಸಿಗದಾಗ 443ರ ಮೂಲಕ ಮಧ್ಯವರ್ತಿ ಸರ್ವರನ್ನು ಬಳಸುತ್ತದೆ. ಹೋಟೆಲಿನಲ್ಲಿ ಮೊದಲು ಬ್ರೌಸರ್ ತೆರೆದು ಪ್ರವೇಶಪುಟದಲ್ಲಿ ನೋಂದಾಯಿಸಿಕೊಳ್ಳದೆ ಯಾವುದೂ ನಡೆಯದು.

ಒಂದು ಮಾತು ನೆನಪಿರಲಿ. ಕಚೇರಿಯ ನಿರ್ಬಂಧ ಆ ಸಂಸ್ಥೆಯ ಸುರಕ್ಷತೆಗಾಗಿ ಇರುವುದು. ಅದನ್ನು ಗುಟ್ಟಾಗಿ ದಾಟುವುದು ಉದ್ಯೋಗಕ್ಕೇ ಕುತ್ತು ತರಬಹುದು. ಅಲ್ಲಿ ಸ್ವಂತ ಮೊಬೈಲ್ ಡೇಟಾ ಬಳಸುವುದೇ ಲೇಸು.

ಕಣ್ತಪ್ಪುವ ಕಾರಣಗಳು

ವಿದ್ಯುತ್ ಹೋಗಿ ಬಂದಾಗ ರೂಟರ್ ಯಂತ್ರಗಳಿಗೆ ಬೇರೆ ಒಳವಿಳಾಸ ಕೊಟ್ಟಿರಬಹುದು. ಮಳೆಗಾಲದ ಮಲೆನಾಡು, ಕರಾವಳಿಗಳಲ್ಲಿ ಇದು ಪದೇ ಪದೇ ಆಗುವಂಥದು. ರೆಕಾರ್ಡರಿಗೆ ಒಂದು ವಿಳಾಸವನ್ನು ರೂಟರ್‌ನಲ್ಲೇ ಕಾಯ್ದಿರಿಸಿದರೆ ತೊಂದರೆ ತಪ್ಪುತ್ತದೆ. ಗಡಿಯಾರದ ಬ್ಯಾಟರಿಯಿಲ್ಲದ ಪುಟ್ಟ ಗಣಕಗಳು ಮರುಚಾಲನೆಯಾದಾಗ ತಪ್ಪು ದಿನಾಂಕ ಹಿಡಿದು, ಸಮಯ ಸರಿಹೋಗುವವರೆಗೆ ಸುರಕ್ಷಿತ ಸಂಪರ್ಕಕ್ಕೆ ಒಪ್ಪದಿರಬಹುದು. ಊರಿನ ಮನೆಯಲ್ಲೂ ನಗರದ ಮನೆಯಲ್ಲೂ 192.168.1 ಎಂಬ ಒಂದೇ ವಿಳಾಸಮಾಲೆ ಇದ್ದರೆ ವಿಪಿಎನ್ ಗೊಂದಲಕ್ಕೀಡಾಗುತ್ತದೆ; ಊರಿನದನ್ನು 192.168.47 ಎಂಬಂತೆ ಬದಲಿಸಿಕೊಳ್ಳಬೇಕು. ಚಿತ್ರ ಬಂದರೂ ತಡವರಿಸುತ್ತಿದ್ದರೆ, ಕಡಿಮೆ ಗಾತ್ರದ ‘ಸಬ್ ಸ್ಟ್ರೀಮ್’ ಆರಿಸಿಕೊಳ್ಳುವುದು ಸೂಕ್ತ.

ಸುರಕ್ಷತೆ ಮತ್ತು ಸಮ್ಮತಿ

2016ರಲ್ಲಿ ‘ಮಿರಾಯಿ’ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿ ಕೊಟ್ಟ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡು ದೊಡ್ಡ ಜಾಲತಾಣಗಳನ್ನೇ ಸ್ತಬ್ಧಗೊಳಿಸಿತು. ಆದ್ದರಿಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ರೆಕಾರ್ಡರ್‌ನ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಡುವುದಕ್ಕಿಂತ ವಿಪಿಎನ್ ಮೂಲಕ ಹೋಗುವುದು ಕ್ಷೇಮ.

ಕ್ಯಾಮೆರಾ ಎಲ್ಲಿರಬೇಕೆಂಬುದನ್ನು ಆ ಮನೆಯಲ್ಲಿ ಬಾಳುವ ಹಿರಿಯರನ್ನು ಕೇಳಿಯೇ ನಿರ್ಧರಿಸಬೇಕು. ಮಕ್ಕಳ ಕಳಕಳಿ ಅವರಿಗೆ ಕಾವಲಿನಂತೆ ತೋರಬಾರದು. ಹಾಗೆಯೇ ರೂಟರ್‌ನ ಗುಪ್ತಪದ, ಸೇವಾ ಸಂಸ್ಥೆಯ ಗ್ರಾಹಕ ಸಂಖ್ಯೆ, ಯಾವ ಸ್ವಿಚ್ಚನ್ನು ಆರಿಸಿ ಹಾಕಬೇಕೆಂಬ ವಿವರಗಳನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಹಿರಿಯರ ಕೈಗೆಟಕುವ ಕಡೆ ಇಡುವುದು ಒಳಿತು. ಪಕ್ಕದ ಮನೆಯವರ ದೂರವಾಣಿ ಸಂಖ್ಯೆಯೂ ನಮ್ಮಲ್ಲಿರಲಿ. ಎಲ್ಲ ಯಂತ್ರಗಳೂ ಮೌನವಾದ ರಾತ್ರಿ ಹೋಗಿ ಬಾಗಿಲು ತಟ್ಟಿ ನೋಡಿ ಬರಬಲ್ಲವರು ಅವರೊಬ್ಬರೇ.