ದೋಣಿಯ ಹಿಂಬದಿ ಚಪ್ಪಟೆಯಾದ ಕಥೆ

ಮೊನ್ನೆ ಹೊಳೆಬದಿಯ ದೋಣಿ ಕಂಡ ಮಗಳು, "ಅಮ್ಮಾ, ಮುಂದೆ ಚೂಪು, ಹಿಂದೆ ಎಂತಕ್ಕೆ ಕತ್ತರಿಸಿದ ಹಾಂಗೆ?" ಅಂತ ಕೇಳಿದ್ಳು. ನಂಗೆ ನೆನಪಾದದ್ದು ಕೆನಡಾದ ಕಥೆ.

ಅಲ್ಲಿ ಜೇಮ್ಸ್ ಕೊಲ್ಲಿ ದಂಡೆಯ ಕ್ರೀ ಜನ ವರ್ಷಕ್ಕೆರಡು ಸಲ, ವಸಂತದಲ್ಲಿ ಮತ್ತು ಚಳಿ ಕೂರುವ ಮೊದಲು, ಹೆಬ್ಬಾತು ಬೇಟೆಗೆ ಹೋಪವರು. ಅವರ ದೋಣಿಯ ಎರಡೂ ತುದಿ ಚೂಪು. ಹುಟ್ಟು ಹಾಕಲಿಕ್ಕೆ ಅದೇ ಹಗುರ.

1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ದೋಣಿ ಹಿಂದೆ ಸಿಕ್ಕಿಸುವ ಮೋಟಾರು ಮಾರಾಟಕ್ಕೆ ತಂದ್ರು. ವ್ಯವಹಾರ ನೋಡಿಕೊಂಡದ್ದು ಹೆಂಡತಿ ಬೆಸ್. ಹುಟ್ಟು ಬಿಸಾಡಿ ಅಂತ ಜಾಹೀರಾತು ಬರೆದದ್ದೂ ಅವರೇ ಕಾಣಿ!

ಆದ್ರೆ ಚೂಪು ತುದಿಯ ನಡುವಲ್ಲಿ ಮೋಟಾರು ಕೂರಿಸಲಿಕ್ಕೆ ಜಾಗ ಎಲ್ಲುಂಟು? ಪಕ್ಕಕ್ಕೆ ಕಟ್ಟಿದ್ರೆ ದೋಣಿ ವಾಲ್ತದೆ. ಭಾರಕ್ಕೆ ಹಿಂಬದಿ ಕುಸಿದು ಮೂತಿ ಮೇಲೇಳ್ತದೆ. ಮಂಜುಗಡ್ಡೆಯಂಥ ನೀರಲ್ಲಿ ಮಗುಚಿದ್ರೆ ಜೀವವೇ ಹೋಯ್ತು.

ಹಾಗಾಗಿ ದೋಣಿ ಕಟ್ಟುವವರು ಹಿಂಬದಿಯ ಚೂಪು ತೆಗೆದು ಅಗಲ ಹಲಗೆ ಕೂರಿಸಿದ್ರು. ನೀರಲ್ಲಿ ಸಪೂರ ಲೋಟಕ್ಕಿಂತ ಅಗಲ ಹರಿವಾಣ ಹೆಚ್ಚು ಭಾರ ತಡೀತದಲ್ಲ, ಹಾಂಗೇ. ಆದ್ರೆ ಹುಟ್ಟು ಹಾಕುವಾಗ ಆ ಅಗಲವೇ ದೋಣಿಯನ್ನು ಹಿಂದಕ್ಕೆ ಎಳೀತದೆ. ಅದಕ್ಕೆ ಕೆಲವು ದೋಣಿಗೆ ಮೇಲೆ ಅಗಲ, ನೀರಿನಡಿ ಸಪೂರ ಮಾಡಿದ್ರು.

ಬೇಟೆ ಮನೆ ಮುಟ್ಟಿದ ಮೇಲೆ ಪುಕ್ಕ ತರಿದು, ಹೆಬ್ಬಾತನ್ನು ದಾರದಲ್ಲಿ ತೂಗಿ, ಬೆಂಕಿ ಎದುರು ತಿರುಗಿಸುತ್ತಾ ಬೇಯಿಸುವುದು ಹೆಂಗಸರು. ದಡದಲ್ಲಿ ದೋಣಿ ದಾರಿ ಕಾಯುವವರೂ ಅವರೇ. ಆ ಒಂದು ಹಲಗೆ ಅವರಿಗೆ ಎಷ್ಟು ಧೈರ್ಯ ಕೊಟ್ಟಿರಬೇಕು, ನೀವೇ ಹೇಳಿ.