ಹಿತ್ತಲ ಕೋಳಿ ಸಾಕಣೆ
ಹಿತ್ತಲ ಕೋಳಿ ಸಾಕಣೆ : ಮನೆಯ ಅಂಗಳ, ಹಿತ್ತಲುಗಳಲ್ಲಿ ಕೆಲವೇ ಕೋಳಿಗಳನ್ನು ಮೇಯಲು ಬಿಟ್ಟು ಮೊಟ್ಟೆ, ಮಾಂಸಗಳಿಗಾಗಿ ಸಾಕುವ ಪದ್ಧತಿ. ಕರ್ನಾಟಕದ ಹಳ್ಳಿಗಳಲ್ಲಿ ಇದು ಹೆಚ್ಚಾಗಿ ಹೆಂಗಸರ ಕೈಗಾಸಿನ ಆಧಾರ.

ಮರಿ ಮಾಡಿಸುವುದು: ನಾಟಿ ಹೇಂಟೆಯನ್ನು ಹುಲ್ಲು ಹಾಸಿದ ಮಂಕರಿಯಲ್ಲಿ 10–12 ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸುತ್ತಾರೆ. 21ನೆಯ ದಿನಕ್ಕೆ ಮರಿಗಳು ಚಿಪ್ಪು ಒಡೆಯುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದ ಗಿರಿರಾಜ ತಳಿ ಬೇಗ ಬೆಳೆಯುತ್ತದೆ; ಆದರೆ ಅದರ ಹೇಂಟೆ ಸಾಮಾನ್ಯವಾಗಿ ಕಾವಿಗೆ ಕೂರದು.

ಮರಿಗಳ ಆರೈಕೆ: ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಮುಂದೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಬಲ್ಬಿನಡಿ ಮರಿಗಳು ಒಂದರ ಮೇಲೊಂದು ಒತ್ತಿ ನಿಂತರೆ ಚಳಿ. ಅಂಚಿಗೆ ಸರಿದು ಕೊಕ್ಕು ತೆರೆದು ಏದಿದರೆ ಸೆಕೆ. ಹರಡಿಕೊಂಡು ಮೇಯುತ್ತಿದ್ದರೆ ಹದ. ನೀರಿನ ತಟ್ಟೆ ಆಳವಾಗಿರಬಾರದು, ಮರಿಗಳು ಮುಳುಗುತ್ತವೆ.

ಆಹಾರ: ನುಚ್ಚು, ರಾಗಿ, ಸೊಪ್ಪು, ಗೆದ್ದಲು, ಎರೆಹುಳು. ಮೊಟ್ಟೆಯಿಡುವ ಹೇಂಟೆಗೆ ಸುಣ್ಣದಂಶಕ್ಕಾಗಿ ಚಿಪ್ಪಿನ ಪುಡಿ.

ರಕ್ಷಣೆ: ಇಡೀ ಹಿಂಡನ್ನೇ ಅಳಿಸಬಲ್ಲ ಕೊಕ್ಕರೆ ರೋಗಕ್ಕೆ ಚಿಕಿತ್ಸೆಯಿಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ ಹಾಕಿಸಿ, ಪಶುವೈದ್ಯರ ಸಲಹೆಯಂತೆ ಅದನ್ನು ಮತ್ತೆ ಕೊಡಿಸುವುದೇ ಕಾಪು. ಹದ್ದಿನಿಂದ ಉಳಿಸಲು ಹಗಲು ಮರಿಗಳ ಮೇಲೆ ಮಂಕರಿ ಕವುಚುತ್ತಾರೆ. ಮುಂಗುಸಿ, ಕಾಡುಬೆಕ್ಕು ನುಗ್ಗದಂತೆ ರಾತ್ರಿ ಗೂಡನ್ನು ಭದ್ರವಾಗಿ ಮುಚ್ಚುತ್ತಾರೆ.