ಪೆಟ್ಟಿಗೆಗೆ ಹೇಳಿದ ನಿಜ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆ ಶಾಸನಗಳ ಸೀಮೆಯೂ ಹೌದು. ಸವದತ್ತಿ ರಟ್ಟರ ರಾಜಧಾನಿಯಾಗಿದ್ದ ಊರು; ದಾನ ಕೊಟ್ಟವರ ಹೆಸರುಗಳನ್ನು ಅವರ ಶಾಸನಗಳಲ್ಲಿ ಇಂದಿಗೂ ಓದಬಹುದು. ಅಲ್ಲಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಮಾತು ಮಾತ್ರ ನಾನು ಓದಿದ ಯಾವ ಕಲ್ಲಿನಲ್ಲಿಯೂ ಕಾಣಲಿಲ್ಲ. 1982ರ ಕಾಯಿದೆ ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ಅವರ ಬಡತನ ಉಳಿಯಿತು. ಉತ್ತರ ಕರ್ನಾಟಕದಲ್ಲಿ ಲೈಂಗಿಕ ವೃತ್ತಿಗೆ ಬಂದವರಲ್ಲಿ ಅನೇಕರು ಈ ಹಿನ್ನೆಲೆಯವರು.

ಎಚ್‌ಐವಿ ಹರಡತೊಡಗಿದಾಗ ಇವರ ಮಾತು ಕೇಳುವುದು ಅನಿವಾರ್ಯವಾಯಿತು. 2003ರಲ್ಲಿ ಆರಂಭವಾದ ‘ಆವಾಹನ್’ ಕಾರ್ಯಕ್ರಮ ಬೆಳಗಾವಿ ಜಿಲ್ಲೆಗೂ ಬಂದಿತು. ಕಾಂಡೋಮ್ ಹಂಚಿದ್ದೆಷ್ಟು ಎಂಬುದು ಸುಲಭದ ಲೆಕ್ಕ. ಬಳಸಿದ್ದೆಷ್ಟು ಎಂಬುದನ್ನು ಆ ಹೆಂಗಸರೇ ಹೇಳಬೇಕು. ಎದುರಿಗೆ ಕುಳಿತು ಕೇಳಿದರೆ, ಕೇಳುವವರು ಮೆಚ್ಚುವ ಉತ್ತರವನ್ನೇ ಕೊಡುವುದು ಮನುಷ್ಯ ಸ್ವಭಾವ.

ಆದುದರಿಂದ ಕರ್ನಾಟಕದಲ್ಲಿ ಮತಗಟ್ಟೆ ಮಾದರಿಯ ಸಮೀಕ್ಷೆಯನ್ನು ನಡೆಸಿದರು. ಹತ್ತು ಹನ್ನೆರಡು ಮಂದಿ ಸೇರುವರು; ಒಬ್ಬೊಬ್ಬರಿಗೂ ಒಂದು ಮರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೊಡನೆ ಅದರ ಸಂಖ್ಯೆಯ ಚೀಟಿಯನ್ನು ‘ಹೌದು’ ಅಥವಾ ‘ಇಲ್ಲ’ ಎಂಬ ಪೆಟ್ಟಿಗೆಗೆ ಹಾಕುವುದು. ಹೆಸರು ಬೇಡ, ಅಕ್ಷರಜ್ಞಾನವೂ ಬೇಡ. 1952ರ ಮೊದಲ ಮಹಾಚುನಾವಣೆಯಲ್ಲಿ ನಮ್ಮ ಹಿರಿಯರು ಅಭ್ಯರ್ಥಿಗೊಂದರಂತೆ ಇಟ್ಟಿದ್ದ ಪೆಟ್ಟಿಗೆಗಳಲ್ಲಿ ಮತ ಹಾಕಿದ್ದು ನೆನಪಾಗುತ್ತದೆ.

ಮುಖ ನೋಡಿ ಹೇಳಲಾಗದಿದ್ದುದನ್ನು ಹೆಂಗಸರು ಪೆಟ್ಟಿಗೆಗೆ ಹೇಳಿದರು: ಕಾಂಡೋಮ್ ಬಳಸದ ಸಂದರ್ಭಗಳು ಸಂದರ್ಶನಗಳಲ್ಲಿ ಕಂಡುದಕ್ಕಿಂತ ಹೆಚ್ಚಾಗಿದ್ದವು. ಇದನ್ನು ಸೋಲೆಂದು ತಿಳಿಯಬಾರದು. ಸುಳ್ಳು ‘ಹೌದು’ ವರದಿಗೆ ಶೋಭೆ ತಂದೀತು, ಜೀವ ಉಳಿಸಲಾರದು. ರಟ್ಟರ ಕಲ್ಲು ಹೆಸರನ್ನು ಕಾಯ್ದಿಟ್ಟಿತು; ಈ ಪೆಟ್ಟಿಗೆ ಹೆಸರನ್ನು ಮರೆಮಾಡಿ ನಿಜವನ್ನು ಕಾಯ್ದಿತು. ಚರಿತ್ರೆಗೆ ಎರಡೂ ಬೇಕು.